ಮೂಳೆ ಮುರಿದಿಲ್ಲವೆಂದ ಮೇಲೂ ನೋವೇಕೆ? ಚಲಿಸುವ ಕ್ಷ-ಕಿರಣ ಚಿತ್ರದ ವಿಚಾರ

ಮಳೆಗಾಲದ ಔಷಧಿ ಸಿಂಪಡಣೆಯಿಂದ ಹಿಡಿದು ಅಡಿಕೆ ಕೊಯ್ಲು, ಕಾಳುಮೆಣಸಿನ ಕೊಯ್ಲು, ಮರಗಸಿಯವರೆಗೆ ನಮ್ಮ ತೋಟಗಳಲ್ಲಿ ವರ್ಷದ ಬಹುಪಾಲು ಯಾರಾದರೊಬ್ಬರು ಮರದ ಮೇಲೋ ಏಣಿಯ ಮೇಲೋ ಇದ್ದೇ ಇರುತ್ತಾರೆ. ಕೈತಪ್ಪಿ ಬಿದ್ದವರನ್ನು ಪೇಟೆಯ ಆಸ್ಪತ್ರೆಗೆ ಒಯ್ದು ಕ್ಷ-ಕಿರಣದ ಚಿತ್ರ ತೆಗೆಸುತ್ತೇವೆ. ‘ಮೂಳೆ ಮುರಿದಿಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ಮನೆಯವರಿಗೂ ತೋಟದವರಿಗೂ ಹೋದ ಜೀವ ಬಂದಂತೆ. ಎಂಟು ಹತ್ತು ದಿನ ಕಳೆದ ಮೇಲೆ ಅದೇ ಮನುಷ್ಯ ಕುತ್ತಿಗೆ ತಿರುಗಿಸಲಾಗುವುದಿಲ್ಲ, ಕೈ ಜೋಮು ಹಿಡಿಯುತ್ತದೆ ಎಂದರೆ, ಚಿತ್ರ ಚೆನ್ನಾಗಿಯೇ ಇದೆಯಲ್ಲ, ಕೆಲಸಕ್ಕೆ ಬರಲು ಸೋಮಾರಿತನ ಎಂದು ಆಡಿಕೊಳ್ಳುವವರೂ ಉಂಟು. ಆದರೆ ಚಿತ್ರ ಚೆನ್ನಾಗಿದ್ದೂ ಬೆನ್ನೆಲುಬು ಚೆನ್ನಾಗಿಲ್ಲದಿರುವುದು ಸಾಧ್ಯ.

ಅಮೆರಿಕದಲ್ಲಿರುವ ಮಕ್ಕಳಿಂದ ಕೇಳಿ ತಿಳಿದ ಕೆಲವು ಸದಸ್ಯರು, ಅಲ್ಲಿ ಕಾರು ಅಪಘಾತದಲ್ಲಿ ಕುತ್ತಿಗೆ ಉಳುಕಿದವರಿಗೆ ಚಲಿಸುವ ಕ್ಷ-ಕಿರಣ ಚಿತ್ರ ತೆಗೆಯುತ್ತಾರಂತೆ, ಮರದಿಂದ ಬಿದ್ದ ನಮ್ಮ ಕೊನೆಗಾರರಿಗೂ ಅದನ್ನು ಮಾಡಿಸಬಹುದೇ ಎಂದು ಸಂಘದ ಕಛೇರಿಯಲ್ಲಿ ವಿಚಾರಿಸಿದ್ದಾರೆ. ನಾವು ವೈದ್ಯರಲ್ಲ, ತೋಟದವರು. ಆದರೂ ವಿಷಯ ನಮ್ಮೆಲ್ಲರ ತೋಟದ ಬಾಗಿಲಿಗೆ ಬಂದಿರುವುದರಿಂದ ಓದಿ ತಿಳಿದುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಬೆನ್ನೆಲುಬು ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದು ಒಂದೇ ಮೂಳೆಯಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಅಲುಗಾಡುವ 24 ಮಣಿಗಳ ಸಾಲು. ಮಣಿ ಮಣಿಯ ನಡುವೆ ಮೆತ್ತೆಯಂಥ ಬಿಲ್ಲೆ. ಈ ಸಾಲಿನ ಒಳಗಿನ ಕೊಳವೆಯಲ್ಲಿ ಬೆನ್ನುಹುರಿ ಇಳಿದು ಬಂದಿದೆ. ಕೈಕಾಲು ಆಡುವುದು, ಮೂತ್ರದ ಹತೋಟಿ, ಎಲ್ಲವೂ ಅದರ ಮೂಲಕ. ಮಣಿಗಳು ಅತ್ತಿತ್ತ ಜಾರಿ ಹುರಿಯನ್ನು ಒತ್ತದಂತೆ ಹಿಡಿದಿರುವುದು ಡಾಕ್ಟರರು ಲಿಗಮೆಂಟು ಎಂದು ಕರೆಯುವ ಗಟ್ಟಿ ನಾರಿನ ಪಟ್ಟಿಗಳು. ಮಣಿಗಳ ಮುಂಭಾಗದಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಉದ್ದ ಪಟ್ಟಿ, ಹಿಂಬದಿಯಲ್ಲಿ ಹುರಿಯ ಪಕ್ಕದಲ್ಲೇ ಇನ್ನೊಂದು, ಎಳೆದರೆ ಹಿಗ್ಗುವ ಹಳದಿ ಬಣ್ಣದ್ದು ಮತ್ತೊಂದು, ಬೆನ್ನ ಮೇಲೆ ಬೆರಳಿಗೆ ಸಿಗುವ ಮುಳ್ಳುಗಳ ನಡುವೆ ಕೆಲವು. ಕುತ್ತಿಗೆಯ ಮೇಲ್ತುದಿಯಲ್ಲಂತೂ ವಿಶೇಷ ಏರ್ಪಾಡು. ಎರಡನೆಯ ಮಣಿಯಿಂದ ಒಂದು ಗೂಟ ಮೇಲೆದ್ದಿದೆ. ಉಂಗುರದಂತಿರುವ ಮೊದಲನೆಯ ಮಣಿ ಅದರ ಸುತ್ತ ತಿರುಗುತ್ತದೆ. ಗೂಟವು ಹಿಂದಕ್ಕೆ ಸರಿದು ಹುರಿಗೆ ತಾಗದಂತೆ ತಡೆದಿರುವುದು ಅಡ್ಡಲಾಗಿ ಬಿಗಿದ ಒಂದೇ ಒಂದು ಪಟ್ಟಿ.

ಕ್ಷ-ಕಿರಣದ ಚಿತ್ರದಲ್ಲಿ ಮೂಳೆ ಬೆಳ್ಳಗೆ ಕಾಣುವುದು ಅದರಲ್ಲಿರುವ ಸುಣ್ಣದ ಅಂಶ ಕಿರಣಗಳನ್ನು ತಡೆಯುವುದರಿಂದ. ಲಿಗಮೆಂಟಿನಲ್ಲಿ ಆ ಅಂಶವಿಲ್ಲ. ಸುತ್ತಲಿನ ಮಾಂಸದಂತೆಯೇ ಅದೂ ಕಿರಣಗಳನ್ನು ಹೋಗಗೊಡುತ್ತದೆ. ಆದ್ದರಿಂದ ಇಡಿಯಾಗಿರುವ ಲಿಗಮೆಂಟೂ ಹರಿದ ಲಿಗಮೆಂಟೂ ಚಿತ್ರದಲ್ಲಿ ಸಮ; ಎರಡೂ ಕಾಣುವುದಿಲ್ಲ. ಕಾಣುವುದು ಅದು ಹಿಡಿದಿಟ್ಟ ಮೂಳೆಗಳು ಮಾತ್ರ. ಅವು ತಮ್ಮ ಜಾಗ ಬಿಟ್ಟು ಸರಿದಿದ್ದರೆ ಕಟ್ಟು ಕಳಚಿದೆ ಎಂದು ಊಹಿಸಬಹುದು. ಆದರೆ ಗಾಯಗೊಂಡವನು ಅಲುಗಾಡದೆ ಮಲಗಿರುವಾಗ ಮೂಳೆಗಳು ತಮ್ಮ ತಮ್ಮ ಜಾಗದಲ್ಲಿಯೇ ಕುಳಿತಿರುವುದು ಅಪರೂಪವೇನಲ್ಲ. ಗುದ್ದಲಿಯ ಕಾವು ಸಡಿಲಾಗಿದೆಯೋ ಇಲ್ಲವೋ ಎಂಬುದು ಗೋಡೆಗೆ ಒರಗಿಸಿಟ್ಟ ಗುದ್ದಲಿಯ ಫೋಟೋ ನೋಡಿ ಗೊತ್ತಾಗುವುದಿಲ್ಲ. ಹಿಡಿದು ಅಲುಗಿಸಬೇಕು.

ಅಲುಗಿಸಿ ನೋಡುವ ಹಳೆಯ ಕ್ರಮವೊಂದು ವೈದ್ಯರಲ್ಲಿ ಇದ್ದೇ ಇದೆ. ರೋಗಿ ತಾನಾಗಿಯೇ ಕುತ್ತಿಗೆಯನ್ನು ಮುಂದಕ್ಕೆ ಪೂರ್ತಿ ಬಗ್ಗಿಸಿದಾಗ ಒಂದು ಚಿತ್ರ, ಹಿಂದಕ್ಕೆ ಚಾಚಿದಾಗ ಇನ್ನೊಂದು. ಎರಡನ್ನೂ ಹೋಲಿಸಿ ಯಾವ ಮಣಿ ಎಷ್ಟು ಜಾರಿತೆಂದು ಅಳೆಯುತ್ತಾರೆ. ಎಷ್ಟು ಜಾರಿದರೆ ಅಪಾಯ ಎಂಬುದಕ್ಕೆ ಇಂದಿಗೂ ಉಲ್ಲೇಖಿಸುವ ಅಳತೆ ಬಂದುದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಿಂದ. ಅಲ್ಲಿನ ಮೂಳೆವೈದ್ಯ ಆಗಸ್ಟಸ್ ವೈಟ್, ಭಾರತ ಮೂಲದ ಎಂಜಿನಿಯರ್ ಮನೋಹರ ಪಂಜಾಬಿ ಮತ್ತು ಸಂಗಡಿಗರು ಮೃತದೇಹಗಳಿಂದ ಪಡೆದ ಕುತ್ತಿಗೆಯ ಮಣಿಗಳ ಜೋಡಿಗೆ ಭಾರ ಹೇರಿ, ಲಿಗಮೆಂಟುಗಳನ್ನು ಒಂದಾದ ಮೇಲೊಂದರಂತೆ ಕತ್ತರಿಸುತ್ತ ಮಣಿ ಎಷ್ಟು ಸರಿಯುತ್ತದೆಂದು ಅಳೆದರು. ಒಂದನ್ನು ಕತ್ತರಿಸಿದರೆ ತುಸು, ಮತ್ತೊಂದನ್ನು ಕತ್ತರಿಸಿದರೆ ಇನ್ನು ತುಸು ಸರಿಯುತ್ತಿತ್ತು. ಹೀಗೆ ಸ್ವಲ್ಪ ಸ್ವಲ್ಪವೇ ಸಡಿಲಾಗುತ್ತ ಬಂದು, ಒಂದು ಹಂತದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಇಡೀ ಜೋಡಣೆ ಒಮ್ಮೆಲೇ ಕಳಚಿಕೊಂಡಿತು. 1975ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಕುತ್ತಿಗೆಯ ಕೆಳಭಾಗದಲ್ಲಿ ಒಂದು ಮಣಿ ಇನ್ನೊಂದರ ಮೇಲೆ 3.5 ಮಿಲಿಮೀಟರಿಗಿಂತ ಹೆಚ್ಚು ಜಾರಿದ್ದರೆ, ಅಥವಾ ಪಕ್ಕದ ಜೋಡಿಗಿಂತ 11 ಡಿಗ್ರಿಗೂ ಹೆಚ್ಚು ಓರೆಯಾಗಿದ್ದರೆ ಅದನ್ನು ಭದ್ರವೆಂದು ನಂಬುವಂತಿಲ್ಲ. ಮೂರೂವರೆ ಮಿಲಿಮೀಟರ್ ಎಂದರೆ ಒಣಗಿದ ಒಂದು ಒಳ್ಳೆಯ ಮೆಣಸಿನ ಕಾಳಿನ ದಪ್ಪಕ್ಕಿಂತ ಕಡಿಮೆ. ಕುತ್ತಿಗೆ ಗಟ್ಟಿಯೋ ಅಲ್ಲವೋ ಎಂಬ ತೀರ್ಮಾನ ಅಷ್ಟರೊಳಗೆ ನಡೆಯಬೇಕು!

ಇದೇ ಪಂಜಾಬಿಯವರು 1992ರಲ್ಲಿ ಇನ್ನೊಂದು ವಿಚಾರ ಮುಂದಿಟ್ಟರು. ಚಲಿಸುವ ಚಿತ್ರದ ಪರವಾಗಿ ಹೇಳುವುದಕ್ಕೆ ಮುಖ್ಯ ಆಧಾರ ಇಲ್ಲಿದೆ. ಬೆನ್ನೆಲುಬಿನ ಯಾವುದೇ ಜೋಡಿ ನೆಟ್ಟಗಿನ ಸ್ಥಿತಿಯ ಆಸುಪಾಸಿನಲ್ಲಿ ಹೆಚ್ಚು ತಡೆಯಿಲ್ಲದೆ ಆಡುತ್ತದೆ. ಅದರಾಚೆ ಹೋದಂತೆ ಲಿಗಮೆಂಟುಗಳು ಬಿಗಿದುಕೊಂಡು ತಡೆಯುತ್ತವೆ. ಪೆಟ್ಟಾದಾಗ ತಡೆಯಿಲ್ಲದ ಈ ನಡುವಿನ ಜಾಗ ಅಗಲವಾಗುತ್ತದೆ, ಒಟ್ಟು ಚಲನೆಯಲ್ಲಿ ಅಷ್ಟೇನೂ ಹೆಚ್ಚಳ ಕಾಣದಿದ್ದರೂ ಸಹ. ಮತ್ತೆ ಗುದ್ದಲಿಯ ವಿಚಾರಕ್ಕೇ ಬರುವುದಾದರೆ, ಸಡಿಲಾದ ಕಾವು ಒಂದು ಕಡೆಗೆ ಒತ್ತಿ ಹಿಡಿದಾಗ ಬಿಗಿಯಾಗಿಯೇ ಇರುತ್ತದೆ. ಲೊಡಲೊಡ ಎನ್ನುವುದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ದಾರಿಯಲ್ಲಿ. ಪೂರ್ತಿ ಬಗ್ಗಿದಾಗ ಒಂದು, ಪೂರ್ತಿ ಚಾಚಿದಾಗ ಒಂದು ಎಂದು ಎರಡೇ ಚಿತ್ರ ತೆಗೆದರೆ ಆ ದಾರಿ ಕಣ್ಣಿಗೆ ಬೀಳುವುದಿಲ್ಲ.

ಚಲಿಸುವ ಕ್ಷ-ಕಿರಣ ಚಿತ್ರ ಹೊಸ ಸೃಷ್ಟಿ ಎಂದು ಜಾಹೀರಾತುಗಳು ಹೇಳಿದರೂ ಅದರ ಬೇರು ಬಹಳ ಹಳೆಯದು. ಜರ್ಮನಿಯ ವೂರ್ತ್ಸ್‌ಬುರ್ಗಿನಲ್ಲಿ ರಂಟ್‌ಗೆನ್ ಈ ಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡು ವರ್ಷವೂ ತುಂಬಿರಲಿಲ್ಲ. 1897ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ಆಸ್ಪತ್ರೆಯ ಡಾ. ಜಾನ್ ಮ್ಯಾಕಿಂಟೈರ್ ಕಪ್ಪೆಯ ಕಾಲು ಮಡಚಿ ಚಾಚುವುದನ್ನು ಕ್ಷ-ಕಿರಣದ ಚಲನಚಿತ್ರವಾಗಿ ತೋರಿಸಿದರು. ಥಾಮಸ್ ಎಡಿಸನ್ 1896ರಲ್ಲೇ ಕಿರಣ ಬಿದ್ದರೆ ಹೊಳೆಯುವ ಪರದೆಯ ಪೆಟ್ಟಿಗೆ ತಯಾರಿಸಿದ್ದರು. ಅದರೊಳಗೆ ಇಣುಕಿದರೆ ಕೈಯ ಮೂಳೆಗಳು ಆಡುವುದು ಕಾಣುತ್ತಿತ್ತು. ಆ ಕೆಲಸದಲ್ಲಿ ಪದೇ ಪದೇ ಕಿರಣಕ್ಕೆ ಕೈಯೊಡ್ಡಿದ ಅವರ ಸಹಾಯಕ ಕ್ಲಾರೆನ್ಸ್ ಡಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ಎಡಿಸನ್ ಆ ಮೇಲೆ ಕ್ಷ-ಕಿರಣದ ತಂಟೆಗೇ ಹೋಗಲಿಲ್ಲ. ಇಷ್ಟಾದರೂ ಯೂರೋಪು ಅಮೆರಿಕಗಳ ಜೋಡಿನ ಅಂಗಡಿಗಳಲ್ಲಿ 1950ರ ದಶಕದವರೆಗೂ ಗಿರಾಕಿಯ ಕಾಲನ್ನು ಕ್ಷ-ಕಿರಣದ ಪೆಟ್ಟಿಗೆಯಲ್ಲಿ ಇರಿಸಿ, ಜೋಡು ಹೊಂದುತ್ತದೆಯೋ ಎಂದು ನೋಡುತ್ತಿದ್ದರು. ಹೊಸ ಯಂತ್ರವೆಂದರೆ ಮನುಷ್ಯನಿಗೆ ಎಲ್ಲ ದೇಶದಲ್ಲಿಯೂ ಒಂದೇ ಮೋಹ.

ಆ ಕಾಲದ ಪರದೆಗಳು ಬಹಳ ಮಂಕು. ಕತ್ತಲ ಕೋಣೆಗೆ ಹೋಗುವ ಮುನ್ನ ವೈದ್ಯರು ಕಣ್ಣನ್ನು ಕತ್ತಲಿಗೆ ಒಗ್ಗಿಸಲು ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದರು. ಮಂಕು ಬಿಂಬವನ್ನು ಬೆಳಗಿಸುವ ಕೊಳವೆ 1950ರ ದಶಕದಲ್ಲಿ ಆಸ್ಪತ್ರೆಗಳಿಗೆ ಬಂದ ಮೇಲೆ ಕಿರಣ ಕಡಿಮೆ ಸಾಕಾಯಿತು, ಬಿಂಬವನ್ನು ಕ್ಯಾಮೆರಾದಲ್ಲಿ ಹಿಡಿಯುವುದೂ ಸುಲಭವಾಯಿತು. 1957ರಲ್ಲಿ ನ್ಯೂಯಾರ್ಕಿನ ಮೂಳೆವೈದ್ಯ ಜೆ. ವಿಲಿಯಂ ಫೀಲ್ಡಿಂಗ್ ಆರೋಗ್ಯವಂತ ಕುತ್ತಿಗೆ ಹೇಗೆ ಆಡುತ್ತದೆಂಬುದನ್ನು ಇಂಥ ಚಲನಚಿತ್ರಗಳಿಂದ ವಿವರಿಸಿದರು. ಇವತ್ತು ‘ಡಿಜಿಟಲ್ ಮೋಷನ್ ಎಕ್ಸ್-ರೇ’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ನಡೆಯುತ್ತಿರುವುದು ಇದರದೇ ಮುಂದಿನ ಪೀಳಿಗೆ. ನಮ್ಮ ಕಡೆಯ ಮೂಳೆ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮುರಿದ ಮೂಳೆಗೆ ಸರಳು ಹಾಕುವಾಗ ಬಳಸುವ, ಅರ್ಧಚಂದ್ರಾಕಾರದ ಸಿ-ಆರ್ಮ್ ಯಂತ್ರವೂ ಇದೇ ಕುಲಕ್ಕೆ ಸೇರಿದ್ದು.

ಪರೀಕ್ಷೆ ನಡೆಯುವುದು ಹೀಗೆ. ರೋಗಿ ಯಂತ್ರದ ನಡುವೆ ಕುಳಿತೋ ನಿಂತೋ ಇರುತ್ತಾನೆ. ಹೇಳಿದಂತೆ ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸುತ್ತಾನೆ, ಹಿಂದಕ್ಕೆ ಚಾಚುತ್ತಾನೆ, ಎಡಕ್ಕೂ ಬಲಕ್ಕೂ ವಾಲಿಸುತ್ತಾನೆ. ಬಲವಂತವಾಗಿ ಯಾರೂ ಹಿಡಿದು ಬಗ್ಗಿಸುವಂತಿಲ್ಲ. ಯಂತ್ರ ಸೆಕೆಂಡಿಗೆ 30ರ ಸುಮಾರಿಗೆ ಚಿತ್ರ ಹಿಡಿಯುತ್ತದೆ. ಮುಂದಕ್ಕೆ ಬಗ್ಗುವಾಗ ಮಣಿಗಳ ಹಿಂಬದಿಯ ಮುಳ್ಳುಗಳು ಬೀಸಣಿಗೆಯಂತೆ ಸಮನಾಗಿ ಬಿಚ್ಚಿಕೊಳ್ಳಬೇಕು. ಒಂದೇ ಕಡೆ ಅತಿಯಾಗಿ ಬಾಯಿ ಬಿಟ್ಟರೆ ಅಲ್ಲಿನ ಹಿಂಬದಿಯ ಪಟ್ಟಿಗಳ ಮೇಲೆ ಸಂಶಯ. ಮಣಿಗಳ ಅಂಚು ಒಂದೇ ಬಾಗಿದ ಗೆರೆಯಲ್ಲಿ ಸಾಗದೆ ನಡುವೆ ಮೆಟ್ಟಿಲು ಬಿದ್ದರೆ ಜಾರಿಕೆ. ಬಾಯಿ ತೆರೆಸಿ ಮುಂದಿನಿಂದ ನೋಡುತ್ತ ತಲೆ ವಾಲಿಸಿದಾಗ ಮೊದಲ ಮಣಿಯ ಅಂಚು ಎರಡನೆಯದರ ಆಚೆಗೆ ಹೆಚ್ಚು ಚಾಚಿಕೊಂಡರೆ ಮೇಲ್ತುದಿಯ ಪಕ್ಕದ ಪಟ್ಟಿಗಳ ವಿಚಾರ ಮಾಡಬೇಕು. ಬದಿಯಿಂದ ನೋಡಿದಾಗ ಆ ಗೂಟಕ್ಕೂ ಅದರ ಮುಂದಿನ ಉಂಗುರಕ್ಕೂ ನಡುವಿನ ಸಂದು ವಯಸ್ಕರಲ್ಲಿ 3 ಮಿಲಿಮೀಟರಿನೊಳಗೆ ಇರಬೇಕು. ಮಕ್ಕಳಲ್ಲಿ 5ರವರೆಗೂ ಇರುವುದುಂಟು.

ಇಷ್ಟು ಕೇಳಿದರೆ ಯಾರಿಗಾದರೂ ಇದು ದಿವ್ಯಾಸ್ತ್ರವೆನಿಸಬಹುದು. ಆದರೆ ಇದರ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ ಎಂಬುದನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ಅಮೆರಿಕದಲ್ಲಿ ಈ ಪರೀಕ್ಷೆ ಹೆಚ್ಚಾಗಿ ನಡೆಯುವುದು ದೊಡ್ಡ ಆಸ್ಪತ್ರೆಗಳಲ್ಲಲ್ಲ. ಬೆನ್ನು ನೀವಿ ಸರಿಪಡಿಸುವ ಕೈರೋಪ್ರಾಕ್ಟರ್ ಎಂಬ ಪಂಗಡದವರ ಚಿಕಿತ್ಸಾಲಯಗಳಲ್ಲಿ. ಕಾರು ಅಪಘಾತದ ಪರಿಹಾರದ ದಾವೆಗಳಲ್ಲಿ ವಕೀಲರು ಅದನ್ನು ಸಾಕ್ಷ್ಯವಾಗಿ ತರುತ್ತಾರೆ. ಅಲ್ಲಿನ ಹಲವು ವಿಮಾ ಕಂಪನಿಗಳು ಇನ್ನೂ ಸಿದ್ಧಪಡದ ಪರೀಕ್ಷೆ ಎಂದು ಇದರ ಖರ್ಚು ಕೊಡಲು ಒಪ್ಪುವುದಿಲ್ಲ. ವಿಮಾ ಕಂಪನಿಗಳು ಹಣ ಕೊಡದಿರಲು ಕಾರಣ ಹುಡುಕುವುದು ಎಲ್ಲೆಡೆ ಇದ್ದದ್ದೇ ಎನ್ನಬಹುದು. ಆದರೆ ಈ ಸಲ ಅವರ ಮಾತಿನಲ್ಲಿ ಹುರುಳಿದೆ.

ಮೊದಲನೆಯ ತೊಡಕು, ಆರೋಗ್ಯವಂತರ ಚಲನೆಯೇ ಒಬ್ಬರಿಂದೊಬ್ಬರಿಗೆ ಬಹಳ ವ್ಯತ್ಯಾಸ. ಯಾವ ನೋವೂ ಇಲ್ಲದವರ ಸೊಂಟದ ಚಿತ್ರ ತೆಗೆದಾಗಲೂ 3 ಮಿಲಿಮೀಟರಿಗೆ ಮೀರಿದ ಜಾರಿಕೆ ಅನೇಕರಲ್ಲಿ ಕಂಡಿದೆ. ನಮ್ಮ ಮಣ್ಣು ಪರೀಕ್ಷೆಯ ಚೀಟಿಯಂತೆಯೇ ಇದು: ಅಂಕಿಯ ಪಕ್ಕದಲ್ಲಿ ಸಾಧಾರಣ ಮಟ್ಟ ಎಷ್ಟೆಂದು ಬರೆದಿರದಿದ್ದರೆ ಅಂಕಿ ಬರಿಯ ಅಂಕಿ. ಎರಡನೆಯದು, ಓಡುವ ಚಿತ್ರವನ್ನು ಕಣ್ಣಂದಾಜಿನಲ್ಲಿ ನೋಡಿ ಒಬ್ಬರು ಸಡಿಲ ಎಂದದ್ದನ್ನು ಇನ್ನೊಬ್ಬರು ಸರಿಯಾಗಿದೆ ಎನ್ನಬಹುದು. ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಸಂಶೋಧಕರು ಬಹುಕಾಲದಿಂದ ಇದಕ್ಕೆ ಪರಿಹಾರ ಹುಡುಕುತ್ತ ಬಂದಿದ್ದಾರೆ. ರೋಗಿಯನ್ನು ಯಂತ್ರದಿಂದ ನಿಧಾನವಾಗಿ ಬಾಗುವ ಮೇಜಿನ ಮೇಲೆ ಮಲಗಿಸಿ, ಅವನ ಸ್ನಾಯುಗಳು ನಡುವೆ ಕೈಹಾಕದಂತೆ ಮಾಡಿ, ಒಂದೊಂದು ಚಿತ್ರದಲ್ಲಿಯೂ ಒಂದೊಂದು ಮಣಿಯ ಸ್ಥಾನವನ್ನು ಕಂಪ್ಯೂಟರಿನಿಂದ ಅಳೆಸುವುದು ಅವರ ವಿಧಾನ. ನಮಗೆ ಅದೇ ಸರಿಯಾದ ದಾರಿಯೆಂದು ತೋರುತ್ತದೆ. ಮೂರನೆಯ ತೊಡಕು ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಸಡಿಲಿಕೆ ಕಂಡಿತೆಂದೇ ಇಟ್ಟುಕೊಳ್ಳಿ, ನೋವು ಅದರಿಂದಲೇ ಬರುತ್ತಿದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ‘ನಿನ್ನ ಲಿಗಮೆಂಟು ಹರಿದಿದೆ’ ಎಂಬ ಮಾತು ಕೇಳಿ ಹೆದರಿ, ವರ್ಷಗಟ್ಟಲೆ ಪಟ್ಟಿ ಬಿಗಿದುಕೊಂಡು ಕುತ್ತಿಗೆ ಆಡಿಸದೆ ಕುಳಿತು, ಇದ್ದ ಸ್ನಾಯು ಬಲವನ್ನೂ ಕಳೆದುಕೊಂಡರೆ ಪರೀಕ್ಷೆಯಿಂದ ಆದದ್ದು ಉಪಕಾರವಲ್ಲ. ಕಿರಣಗಳ ಹೊರೆಯೂ ಲೆಕ್ಕಕ್ಕೆ ಬರಬೇಕು, ಗರ್ಭಿಣಿಯರ ವಿಷಯದಲ್ಲಂತೂ ಮೊದಲೇ ಡಾಕ್ಟರರಿಗೆ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ವಿಷಯ, ಬಿದ್ದ ಹೊಸದರಲ್ಲಿ ಈ ಪರೀಕ್ಷೆಯ ಮಾತೇ ಎತ್ತಬಾರದು. ಆಗ ಕುತ್ತಿಗೆಯ ಸ್ನಾಯುಗಳು ಸೆಟೆದುಕೊಂಡು ಮಣಿಗಳನ್ನು ಬಿಗಿಹಿಡಿದಿರುತ್ತವೆ. ಬಗ್ಗಿಸಲು ಹೋದರೆ ಸಡಿಲಿಕೆ ಕಾಣದೆ ಸುಳ್ಳು ಧೈರ್ಯ ಬರಬಹುದು, ಇಲ್ಲವೇ ನಿಜವಾಗಿ ಕಳಚಿದ್ದ ಕಟ್ಟು ಹುರಿಯನ್ನೇ ಒತ್ತಿಬಿಡಬಹುದು. ಪ್ರಜ್ಞೆಯಿಲ್ಲದವರ ಕುತ್ತಿಗೆಯನ್ನು ವೈದ್ಯರೇ ಹಿಡಿದು ಬಗ್ಗಿಸಿ ಪರದೆಯಲ್ಲಿ ನೋಡುವ ಕ್ರಮ ಹಿಂದೆ ಕೆಲವೆಡೆ ಇತ್ತು. ಅಪಾಯ ಕಂಡು ಅದನ್ನು ಬಹುಮಟ್ಟಿಗೆ ಕೈಬಿಟ್ಟರು. ಹೊಸ ಪೆಟ್ಟಿಗೆ ಈಗಿನ ಕ್ರಮ ಮೂಳೆಗೆ ಸಿ.ಟಿ. ಸ್ಕ್ಯಾನ್, ಲಿಗಮೆಂಟು ಮತ್ತು ಹುರಿಗೆ ಎಂ.ಆರ್.ಐ. ಎಂ.ಆರ್.ಐ.ಯಲ್ಲಿ ಕ್ಷ-ಕಿರಣವೇ ಇಲ್ಲ. ಮೊದಲ ಕೆಲವು ದಿನಗಳಲ್ಲಿ ಮಾಡಿಸಿದರೆ ಹರಿದ ಪಟ್ಟಿಯ ಸುತ್ತಲಿನ ಊತ ಅದರಲ್ಲಿ ನೇರವಾಗಿಯೇ ಕಾಣುತ್ತದೆ. ವಾರಗಳು ಕಳೆದಂತೆ ಊತ ಇಳಿದು ಗುರುತು ಮಾಸುತ್ತದೆ. ಚಲನೆಯ ಪರೀಕ್ಷೆಯ ಸರದಿ ಬರುವುದು ಆ ನಂತರ, ಸ್ನಾಯುಗಳ ಸೆಟೆತ ಕಳೆದ ಮೇಲೆ, ನೋವು ಬಿಡದಿದ್ದಾಗ.

ಯಾರನ್ನು ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಎಂಬ ಪ್ರಶ್ನೆಗೆ ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮವೊಂದು ಕಣ್ಣು ತೆರೆಸುವಂತಿದೆ. ಎಚ್ಚರವಾಗಿದ್ದು ಮಾತನಾಡುತ್ತಿರುವ ಗಾಯಾಳುವಾದರೂ, 3 ಅಡಿ ಅಥವಾ 5 ಮೆಟ್ಟಿಲಿನ ಎತ್ತರದಿಂದ ಬಿದ್ದಿದ್ದರೆ, ವಯಸ್ಸು 65 ಆಗಿದ್ದರೆ, ಇಲ್ಲವೇ ಕೈಕಾಲು ಜೋಮು ಹಿಡಿದಿದ್ದರೆ, ಕುತ್ತಿಗೆಯ ಚಿತ್ರ ತೆಗೆಯಲೇಬೇಕು ಎನ್ನುತ್ತದೆ ಅದು. ಮೂರು ಅಡಿ! ನಮ್ಮ ಹಳೆಯ ತೋಟದ ಅಡಿಕೆ ಮರ ನಲವತ್ತು ಐವತ್ತು ಅಡಿ ಎತ್ತರ. ಮೆಣಸಿನ ಏಣಿಯ ಎರಡನೆಯ ಮೂರನೆಯ ಮೆಟ್ಟಿಲೇ ಮೂರು ಅಡಿ ಮುಟ್ಟುತ್ತದೆ. ಎದ್ದು ಕುಳಿತು ನೀರು ಕುಡಿದನಲ್ಲ, ಏನೂ ಆಗಿಲ್ಲ ಎಂಬ ನಮ್ಮ ಲೆಕ್ಕಾಚಾರ ಆ ನಿಯಮದ ಮುಂದೆ ನಿಲ್ಲುವುದಿಲ್ಲ.

ಬಿದ್ದವನನ್ನು ಕೈಕಾಲು ಹಿಡಿದು ಜೋಲಿಯಂತೆ ಎತ್ತುವುದು, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಮೂಳೆ ಮುರಿಯದಿದ್ದರೂ ಕಟ್ಟು ಹರಿದಿದ್ದವನಿಗೆ ಕೇಡಾಗುವುದು ಆ ಹತ್ತು ನಿಮಿಷದಲ್ಲಿ. ಇದ್ದಲ್ಲಿಯೇ ಮಲಗಿಸಿರಬೇಕು. ಒಬ್ಬರು ತಲೆಯ ಎರಡೂ ಪಕ್ಕ ಕೈಯಿಟ್ಟು ಅಲುಗದಂತೆ ಹಿಡಿದು, 108ಕ್ಕೆ ಕರೆಮಾಡಿ ಕಾಯಬೇಕು. ಗಾಡಿ ಬರಲಾಗದ ಕಡೆಯಿಂದ ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ ತಲೆ, ಬೆನ್ನು, ಸೊಂಟ ಒಂದೇ ದಿಮ್ಮಿ ಎಂಬಂತೆ ಒಟ್ಟಿಗೆ ಹೊರಳಿಸಿ, ಅಗಲವಾದ ಹಲಗೆಯ ಮೇಲೆ ಮಲಗಿಸಿ, ತಲೆಯ ಎರಡು ಪಕ್ಕಕ್ಕೂ ಸುತ್ತಿದ ಬಟ್ಟೆ ಇಟ್ಟು ಹೊರಬೇಕು. ಕಳಚಿದ ಬಾಗಿಲಾದರೂ ಆದೀತು.

ಇನ್ನು ತಿಂಗಳೆರಡಾದರೂ ನೋವು ಬಿಡದ ಕೊನೆಗಾರನ ವಿಚಾರ. ಮೂಳೆವೈದ್ಯರ ಬಳಿಗೇ ಹೋಗಿ, ಬಗ್ಗಿಸಿ ಚಾಚಿ ತೆಗೆಯುವ ಎರಡು ಚಿತ್ರಗಳ ಅಗತ್ಯವುಂಟೇ ಎಂದು ಕೇಳಿ. ಅದರಲ್ಲಿ ಸಂಶಯ ಉಳಿದರೆ ಸಿ-ಆರ್ಮ್‌ನಲ್ಲಿ ಚಲನೆ ನೋಡುವುದೋ, ಮತ್ತೆ ಎಂ.ಆರ್.ಐ. ಮಾಡಿಸುವುದೋ ಎಂದು ಅವರು ತೀರ್ಮಾನಿಸಲಿ. ವಿದೇಶದ ಯಂತ್ರದ ಹೆಸರು ಹೇಳಿಕೊಂಡು ದೂರದ ಊರಿಗೆ ಸಾವಿರಗಟ್ಟಲೆ ಖರ್ಚುಮಾಡಿ ಓಡುವುದನ್ನು ನಾವಂತೂ ಸಲಹೆ ಮಾಡುವುದಿಲ್ಲ. ಸಣ್ಣಪುಟ್ಟ ಸಡಿಲಿಕೆಗೆ ವ್ಯಾಯಾಮ, ವಿಶ್ರಾಂತಿಗಳೇ ಚಿಕಿತ್ಸೆ. ಪೂರ್ತಿ ಹರಿದ ಲಿಗಮೆಂಟು ಮಾತ್ರ ಮೂಳೆಯಷ್ಟು ಚೆನ್ನಾಗಿ ಕೂಡಿಕೊಳ್ಳುವುದಿಲ್ಲವಾದ್ದರಿಂದ ಅಂಥವರಿಗೆ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಬೇಕಾಗುವುದುಂಟು. ನಡಿಗೆ ತಡವರಿಸಿದರೆ, ಕೈಯ ಹಿಡಿತ ಸಡಿಲವಾಗಿ ಕತ್ತಿ ಜಾರತೊಡಗಿದರೆ, ಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಈ ಯಾವ ತೀರ್ಮಾನವೂ ಆಗುವ ಮುನ್ನ ‘ಮೂಳೆ ಮುರಿದಿಲ್ಲ’ ಎಂಬ ಒಂದು ಚೀಟಿಯ ಆಧಾರದ ಮೇಲೆ ಅವನನ್ನು ಮತ್ತೆ ಮರ ಹತ್ತಿಸುವುದು, ಕೂಲಿ ತಡೆಹಿಡಿಯುವುದು ಸರಿಯಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಕೊಯ್ಲಿನ ತರಾತುರಿ ನಮಗೂ ಗೊತ್ತಿದೆ. ಅಷ್ಟು ಕಾಲ ಅಂಗಳದ ಕೆಲಸವೋ ನೆಲದ ಮೇಲೆ ನಿಂತು ದೋಟಿ ಹಿಡಿಯದೆ ಮಾಡುವ ಬೇರೆ ಕೆಲಸವೋ ಕೊಡಬಹುದು. ತಲೆ ಎತ್ತಿ ಮೇಲೆ ನೋಡುತ್ತಲೇ ಇರಬೇಕಾದ ದೋಟಿಯ ಕೆಲಸ ಕುತ್ತಿಗೆ ನೋವಿನವನಿಗೆ ಹೇಳಿಸಿದ್ದಲ್ಲ.

ಡಾಕ್ಟರರ ಬಳಿ ಹೋಗುವಾಗ ಎಷ್ಟು ಎತ್ತರದಿಂದ ಬಿದ್ದದ್ದು, ತಲೆ ಮೊದಲು ನೆಲಕ್ಕೆ ತಾಗಿತೋ ಸೊಂಟವೋ, ನೋವು ಯಾವಾಗ ಶುರುವಾಯಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೊದಲ ದಿನದ ಚಿತ್ರಗಳನ್ನೂ ಸ್ಕ್ಯಾನಿನ ಸಿ.ಡಿ.ಯನ್ನೂ ತಪ್ಪದೆ ಒಯ್ಯಿರಿ. ಇಂದಿನ ಚಿತ್ರವನ್ನು ಅಂದಿನದರ ಪಕ್ಕದಲ್ಲಿಟ್ಟು ನೋಡಿದಾಗಲೇ ಮಣಿ ಸರಿದಿದೆಯೋ ಇಲ್ಲವೋ ತಿಳಿಯುವುದು. ಅಡಿಗೆಮನೆಯ ಅಟ್ಟದ ಹೊಗೆಯಲ್ಲಿ ಫಿಲ್ಮು ಇಟ್ಟು ಹಾಳುಮಾಡಿಕೊಂಡವರು ಇದ್ದಾರೆ. ಬೇಕೆಂದವರ ಫಿಲ್ಮು, ಸಿ.ಡಿ.ಗಳನ್ನು ಸಂಘದ ಕಛೇರಿಯ ಕಪಾಟಿನಲ್ಲಿ ಹೆಸರು ಬರೆದು ಇರಿಸಿಕೊಳ್ಳಲು ನಮ್ಮ ಅಡ್ಡಿಯಿಲ್ಲ.